ಕೆಂಪು ಗುಡ್ಡ, ಹಳದಿ ಎಲೆ

ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಓಡಾಡುವ ರಸ್ತೆಗಳ ಪಕ್ಕದಲ್ಲಿ ಬೆಳೆಯ ಎಲೆಗಳ ಮೇಲೆ ಕೆಂಪು ಧೂಳು ಕೂತಿರುತ್ತದೆ. ಒಳ್ಳೆಯ ಅದಿರಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕಬ್ಬಿಣದ್ದೇ. ಅಂಥ ಹೊಲ ಸುಣ್ಣದ ಅಂಶವಿರುವ ಎರೆಭೂಮಿಯಾಗಿದ್ದು ಅದರಲ್ಲಿ ಶೇಂಗಾ ಬಿತ್ತಿದ್ದರೆ, ಧೂಳು ಒರೆಸಿದಾಗ ಎಳೆಯ ಎಲೆಗಳು ಹಳದಿಗಟ್ಟಿ, ನರಗಳು ಮಾತ್ರ ಹಸಿರಾಗಿ ಉಳಿದಿರಬಹುದು. ಅದು ಕಬ್ಬಿಣದ ಕೊರತೆಯ ಗುರುತು. ಮೈಮೇಲೆ ಕಬ್ಬಿಣ, ಬುಡದಲ್ಲೂ ಕಬ್ಬಿಣ, ಆದರೂ ಗಿಡಕ್ಕೆ ಕಬ್ಬಿಣವಿಲ್ಲ.

ಬುಡದಲ್ಲಿ ಎಷ್ಟಿದೆ ಎಂದು ಲೆಕ್ಕ ಹಾಕೋಣ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 850 ಟನ್ ತೂಗುತ್ತದೆ. ಜಗತ್ತಿನ ಮಣ್ಣುಗಳ ಸರಾಸರಿಯಂತೆ ಅದರಲ್ಲಿ ನೂರಕ್ಕೆ ನಾಲ್ಕು ಪಾಲು ಕಬ್ಬಿಣ ಎಂದಿಟ್ಟುಕೊಂಡರೂ 34 ಟನ್ ಆಯಿತು. ಎರಡು ದೊಡ್ಡ ಲಾರಿ ಅದಿರಿನಲ್ಲಿರುವಷ್ಟು! ಒಂದು ಬೆಳೆಗೆ ಬೇಕಾದದ್ದು ಒಂದೆರಡು ಕಿಲೋ ಮಾತ್ರ. ತುಂಬಿದ ಕಣಜಕ್ಕೆ ಬೀಗ ಬಿದ್ದಿದೆ, ಅಷ್ಟೆ. ಬಳ್ಳಾರಿ ಸೀಮೆಯ ಮಣ್ಣನ್ನು ಅರ್ಥ ಮಾಡಿಕೊಳ್ಳುವುದೆಂದರೆ ಈ ಬೀಗವನ್ನು ಅರ್ಥ ಮಾಡಿಕೊಳ್ಳುವುದು. ಲೋಹ ಎಷ್ಟಿದೆ ಎನ್ನುವುದಕ್ಕಿಂತ ಅದು ಯಾವ ರೂಪದಲ್ಲಿದೆ ಎನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ಕಬ್ಬಿಣದ ಪರಮಾಣು ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ಫೆರಸ್, ಮೂರು ಕಳೆದುಕೊಂಡರೆ ಫೆರಿಕ್. ಫೆರಸ್ ನೀರಿನಲ್ಲಿ ಕರಗುತ್ತದೆ. ಫೆರಿಕ್ ಗಾಳಿಯ ಆಮ್ಲಜನಕದ ಜೊತೆ ಸೇರಿ ತುಕ್ಕಿನ ಬಣ್ಣದ ಆಕ್ಸೈಡ್ ಆಗಿ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಸಂಡೂರಿನ ಹೆಮಟೈಟ್ ಅದಿರೂ ಇದೇ ಫೆರಿಕ್ ಆಕ್ಸೈಡ್. ಅದು ಎಷ್ಟು ಕರಗುತ್ತದೆ ಎನ್ನುವುದನ್ನು ಮಣ್ಣಿನ ರಸಸಾರ, ಅಂದರೆ ಪಿಎಚ್, ನಿರ್ಧರಿಸುತ್ತದೆ. ಪಿಎಚ್ ಒಂದು ಅಂಕಿ ಏರಿದರೆ ಕರಗಿದ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಕುರುಗೋಡು, ಸಿರುಗುಪ್ಪ ಕಡೆಯ ಎರೆಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದರೆ ಅಲ್ಲಲ್ಲಿ ಬಿಳಿ ಸುಣ್ಣದ ಹರಳುಗಳು ಸಿಗುತ್ತವೆ. ಅವು ಪಿಎಚ್ ಅನ್ನು ಎಂಟರ ಮೇಲೆಯೇ ಹಿಡಿದು ನಿಲ್ಲಿಸುತ್ತವೆ. ಆಮ್ಲೀಯ ಮಣ್ಣಿನಲ್ಲಿ ಇಂಥ ಬೀಗ ಬೀಳುವುದೇ ಅಪರೂಪ.

ಹಳದಿ ಎಲೆಗೂ ಕಬ್ಬಿಣಕ್ಕೂ ನಂಟಿದೆ ಎಂದು ಮೊದಲು ತೋರಿಸಿಕೊಟ್ಟವನು ಫ್ರಾನ್ಸಿನ ಯುಸೇಬ್ ಗ್ರಿ. 1840ರ ದಶಕದಲ್ಲಿ ಅವನು ಬಿಳಿಚಿಕೊಂಡ ಗಿಡಗಳಿಗೆ ಕಬ್ಬಿಣದ ಲವಣದ ದ್ರಾವಣ ಕೊಟ್ಟು ಅವುಗಳ ಹಸಿರನ್ನು ಮರಳಿ ತಂದ. ಇಂದು ನಮ್ಮ ರೈತರು ಶೇಂಗಾಕ್ಕೆ ಸಿಂಪಡಿಸುವುದೂ ಅಂಥದ್ದನ್ನೇ: ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ಲೀಟರ್ ನೀರಿಗೆ 5 ಗ್ರಾಂ, ಜೊತೆಗೆ ಸ್ವಲ್ಪ ನಿಂಬೆ ಉಪ್ಪು. ನಿಂಬೆ ಉಪ್ಪು ಹಾಕುವುದು ರೂಢಿಗಾಗಿ ಅಲ್ಲ. ಅದಿಲ್ಲದಿದ್ದರೆ ಹಸಿರು ಛಾಯೆಯ ದ್ರಾವಣ ಕೆಲವು ಗಂಟೆಗಳಲ್ಲೇ ಕಂದುಬಣ್ಣಕ್ಕೆ ತಿರುಗಿ, ಫೆರಸ್ ಫೆರಿಕ್ ಆಗಿ, ಡ್ರಮ್ಮಿನ ತಳ ಸೇರುತ್ತದೆ. ರಾತ್ರಿ ಕಲಸಿಟ್ಟು ಮರುದಿನ ಹೊಡೆದವರಿಗೆ ಫಲ ಕಾಣದಿರುವುದು ಇದರಿಂದಲೇ. ಇದೇ ಅನ್ನಭೇದಿಯನ್ನು ಸುಣ್ಣದ ಮಣ್ಣಿಗೆ ಬರಿದೇ ಎರಚಿದರೂ ಅದೇ ಗತಿ. ತಿಪ್ಪೆಗೊಬ್ಬರದ ಜೊತೆ ಕಲಸಿ ಹಾಕಿದರೆ ಗೊಬ್ಬರದ ಸಾವಯವ ಆಮ್ಲಗಳು ಕಬ್ಬಿಣವನ್ನು ಹಿಡಿದಿಟ್ಟು ಕೆಲಕಾಲವಾದರೂ ಕಾಪಾಡುತ್ತವೆ.

ಇಲ್ಲಿ ವಿಜ್ಞಾನಿಗಳನ್ನು ಬಹಳ ಕಾಲ ಕಾಡಿದ ಒಂದು ಒಗಟಿದೆ. ಹಳದಿ ಎಲೆಯನ್ನೂ ಹಸಿರು ಎಲೆಯನ್ನೂ ತೊಳೆದು, ಒಣಗಿಸಿ, ಸುಟ್ಟು, ಬೂದಿಯಲ್ಲಿರುವ ಕಬ್ಬಿಣ ಅಳೆದರೆ ಕೆಲವೊಮ್ಮೆ ಹಳದಿ ಎಲೆಯಲ್ಲೇ ಹೆಚ್ಚು ಸಿಗುತ್ತಿತ್ತು. ಹಾಗಾದರೆ ಕೊರತೆ ಎಲ್ಲಿ? 1980ರಲ್ಲಿ ಭಾರತದ ಜೆ. ಸಿ. ಕಟ್ಯಾಲ್ ಮತ್ತು ಬಿ. ಡಿ. ಶರ್ಮಾ ಇದನ್ನು ಬಿಡಿಸುವ ಸರಳ ವಿಧಾನವೊಂದನ್ನು ಪ್ರಕಟಿಸಿದರು. ಎಲೆಯನ್ನು ಸುಡಬೇಡಿ, ಹಸಿಯಾಗಿಯೇ ಕತ್ತರಿಸಿ ಆರ್ಥೋ ಫೆನಾಂತ್ರೊಲಿನ್ ಎಂಬ ರಾಸಾಯನಿಕದಲ್ಲಿ ನೆನೆಹಾಕಿ ಎಂದರು. ಅದು ಫೆರಸ್ ಕಬ್ಬಿಣವನ್ನು ಹಿಡಿದಾಗ ಕಿತ್ತಳೆಗೆಂಪು ಬಣ್ಣ ತಾಳುತ್ತದೆ. ಬಣ್ಣದ ಗಾಢತೆ ಅಳೆದರೆ ಎಲೆಯೊಳಗೆ ಕೆಲಸಕ್ಕೆ ಬರುವ ಕಬ್ಬಿಣ ಎಷ್ಟೆಂದು ತಿಳಿಯುತ್ತದೆ. ಒಟ್ಟು ಕಬ್ಬಿಣ ಹೇಳಲಾರದ್ದನ್ನು ಈ ಅಂಕಿ ಹೇಳಿತು. ಎಲೆಯ ಒಳಗೂ ಬೀಗ ಬೀಳುತ್ತದೆ ಎಂದಾಯಿತು. ದುಬಾರಿ ಯಂತ್ರವಿಲ್ಲದ ಪ್ರಯೋಗಾಲಯದಲ್ಲೂ ಮಾಡಬಹುದಾದ ಈ ಪರೀಕ್ಷೆ ನಮ್ಮ ಕೃಷಿ ವಿಜ್ಞಾನದ ಅತ್ಯಂತ ಚಂದದ ಕೆಲಸಗಳಲ್ಲೊಂದು. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೊಂದು ಪುಟ ಸಿಗಬೇಕಿತ್ತು.

ಗಿಡವೂ ಕೈಕಟ್ಟಿ ಕೂರುವುದಿಲ್ಲ. ಶೇಂಗಾದಂಥ ಗಿಡದ ಬೇರು ಹಸಿವಾದಾಗ ಆಮ್ಲವನ್ನು ಹೊರಬಿಟ್ಟು ಸುತ್ತಲಿನ ಪಿಎಚ್ ಇಳಿಸುತ್ತದೆ. ಬೇರಿನ ತೊಗಟೆಯ ಮೇಲಿರುವ ಕಿಣ್ವವೊಂದು ಫೆರಿಕ್‌ಗೆ ಒಂದು ಎಲೆಕ್ಟ್ರಾನ್ ಕೊಟ್ಟು ಫೆರಸ್ ಮಾಡುತ್ತದೆ. ಆಮೇಲೆ ಬೇರಿನ ಪೊರೆಯಲ್ಲಿರುವ ಪ್ರೋಟೀನಿನ ಬಾಗಿಲು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಸುಣ್ಣದ ಮಣ್ಣಿನಲ್ಲಿ ಬೈಕಾರ್ಬನೇಟ್ ಹೆಚ್ಚು, ತೇವ ನಿಂತಾಗ ಇನ್ನೂ ಹೆಚ್ಚು. ಬೇರು ಬಿಟ್ಟ ಆಮ್ಲವನ್ನೆಲ್ಲ ಅದು ನುಂಗಿ ಹಾಕುತ್ತದೆ. ಮಳೆ ಬಿದ್ದು ಹೊಲದಲ್ಲಿ ತೇವ ನಿಂತ ವಾರದಲ್ಲಿ ಶೇಂಗಾ ಹೆಚ್ಚು ಹಳದಿಯಾಗುವುದು ಇದಕ್ಕೇ.

ಹುಲ್ಲಿನ ಜಾತಿಯ ಜೋಳ, ಮೆಕ್ಕೆಜೋಳ, ಬಾರ್ಲಿಗಳ ದಾರಿಯೇ ಬೇರೆ. ಅವು ಕಬ್ಬಿಣವನ್ನು ಬದಲಿಸುವ ಗೋಜಿಗೆ ಹೋಗದೆ, ಅದನ್ನು ಇದ್ದ ಹಾಗೇ ಹಿಡಿದು ತರುವ ಅಣುಗಳನ್ನು ಮಣ್ಣಿಗೆ ಬಿಡುತ್ತವೆ. ಇದನ್ನು 1976ರಲ್ಲಿ ಕಂಡುಹಿಡಿದವರು ಜಪಾನಿನ ತಕಾಗಿ. ಬಾರ್ಲಿಯ ಬೇರು ಈ ಅಣುಗಳನ್ನು ಸೂರ್ಯ ಹುಟ್ಟಿದ ಮೇಲಿನ ಕೆಲವೇ ಗಂಟೆಗಳಲ್ಲಿ ಒಮ್ಮೆಲೇ ಸುರಿಯುತ್ತದೆ. ಸೂಕ್ಷ್ಮಜೀವಿಗಳು ತಿಂದು ಮುಗಿಸುವ ಮೊದಲೇ ಕೆಲಸ ಆಗಬೇಕಲ್ಲ! ಚೀನಾದ ಸುಣ್ಣದ ಮಣ್ಣಿನ ಹೊಲಗಳಲ್ಲಿ ಶೇಂಗಾದ ಸಾಲುಗಳ ನಡುವೆ ಮೆಕ್ಕೆಜೋಳ ಹಾಕಿ ನೋಡಿದಾಗ, ಮೆಕ್ಕೆಜೋಳಕ್ಕೆ ಹತ್ತಿರವಿದ್ದ ಶೇಂಗಾ ಸಾಲುಗಳು ಹಸಿರಾಗಿ ಉಳಿದವು. ದೂರದ ಸಾಲುಗಳು ಹಳದಿಯಾದವು. ಅಕ್ಕಡಿ ಸಾಲು ಹಾಕುವ ನಮ್ಮ ಹಿರಿಯರ ಬೇಸಾಯಕ್ಕೆ ಹೀಗೂ ಒಂದು ರಸಾಯನಶಾಸ್ತ್ರವಿದೆ ಎಂಬುದು ನನಗೆ ತುಂಬ ಖುಷಿ ಕೊಟ್ಟ ವಿಷಯ.

ಈಗ ಒಣ ಹೊಲ ಬಿಟ್ಟು ನೀರಿಗೆ ಬರೋಣ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ನಡೆಯುವುದೇನು? ಕಬ್ಬಿಣದಿಂದ ಆಮ್ಲಜನಕವನ್ನು ಕಿತ್ತು, ಅದು ಕಳೆದುಕೊಂಡ ಎಲೆಕ್ಟ್ರಾನ್‌ಗಳನ್ನು ಮರಳಿಸುವುದು. ಕೋಕ್ ಉರಿಸಿ, ಇಂಗಾಲದ ಮಾನಾಕ್ಸೈಡ್ ಹಾಯಿಸಿ, 1500 ಡಿಗ್ರಿಯ ಆಸುಪಾಸಿನಲ್ಲಿ ಅದಿರನ್ನು ಕಬ್ಬಿಣವಾಗಿ ಕರಗಿಸುತ್ತಾರೆ. ಅಲ್ಲಿಂದ ಉತ್ತರಕ್ಕೆ, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ, ಆ ಕೆಲಸದ ಮೊದಲ ಹೆಜ್ಜೆ 30 ಡಿಗ್ರಿಯ ಕೆಸರಿನಲ್ಲಿ ಬೆಂಕಿಯಿಲ್ಲದೆ ನಡೆಯುತ್ತದೆ. ಕಾಲುವೆ ನೀರು ಬಿಟ್ಟು ಕೆಸರು ಹೊಡೆದ ಒಂದೆರಡು ದಿನಕ್ಕೆ ಮಣ್ಣಿನೊಳಗಿನ ಆಮ್ಲಜನಕ ಮುಗಿದುಹೋಗುತ್ತದೆ. ಉಸಿರಾಡಲು ಗಾಳಿ ಸಿಗದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೇಟಿಗೆ, ಆಮೇಲೆ ಮ್ಯಾಂಗನೀಸಿಗೆ, ಅದಾದ ಮೇಲೆ ಕಬ್ಬಿಣಕ್ಕೆ ತಮ್ಮ ಎಲೆಕ್ಟ್ರಾನ್‌ಗಳನ್ನು ದಾಟಿಸುತ್ತವೆ. ಸಂಡೂರಿನ ಗುಡ್ಡದಲ್ಲಿ ಒಟ್ಟಿಗೇ ಸಿಗುವ ಎರಡು ಲೋಹಗಳು ಗದ್ದೆಯಲ್ಲಿ ಹೀಗೆ ಒಂದರ ಹಿಂದೊಂದು ಕರಗುತ್ತವೆ. ಕುಲುಮೆ ಫೆರಿಕ್‌ಗೆ ಮೂರು ಎಲೆಕ್ಟ್ರಾನ್ ಕೊಟ್ಟು ಲೋಹ ಮಾಡುತ್ತದೆ. ಬ್ಯಾಕ್ಟೀರಿಯಾ ಒಂದನ್ನು ಕೊಟ್ಟು ಫೆರಸ್‌ಗೆ ನಿಲ್ಲಿಸುತ್ತದೆ. ಭತ್ತಕ್ಕೆ ಅಷ್ಟೇ ಸಾಕು.

ಕಬ್ಬಿಣವನ್ನು ಉಸಿರಾಡಿ ಬದುಕುವ ಇಂಥ ಜೀವಿಯನ್ನು 1987ರಲ್ಲಿ ಡೆರೆಕ್ ಲವ್ಲಿ ಮತ್ತು ಸಂಗಡಿಗರು ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಬೇರ್ಪಡಿಸಿ ವರ್ಣಿಸಿದರು. ಮುಂದೆ ಅದಕ್ಕೆ ಜಿಯೋಬ್ಯಾಕ್ಟರ್ ಎಂದು ಹೆಸರಾಯಿತು. ನೀರು ನಿಂತ ಗದ್ದೆಯ ರಸಾಯನವನ್ನು ಅದಕ್ಕೂ ಮೊದಲೇ ಒಂದೊಂದೇ ಹಂತವಾಗಿ ಬಿಡಿಸಿಟ್ಟವರು ಶ್ರೀಲಂಕಾದಲ್ಲಿ ಹುಟ್ಟಿ ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಪೊನ್ನಂಪೆರುಮ. 1972ರ ಅವರ ದೀರ್ಘ ಲೇಖನ ಇವತ್ತಿಗೂ ಈ ವಿಷಯದ ಬುನಾದಿ. ನೀರು ನಿಂತಾಗ ಆಮ್ಲೀಯ ಮಣ್ಣಿನ ಪಿಎಚ್ ಏರುತ್ತದೆ, ಕ್ಷಾರ ಮಣ್ಣಿನದು ಇಳಿಯುತ್ತದೆ, ಎರಡೂ ಏಳರ ಹತ್ತಿರ ಬಂದು ನಿಲ್ಲುತ್ತವೆ ಎಂದು ಅವರು ತೋರಿಸಿದರು. ಶೇಂಗಾಕ್ಕೆ ಬೀಗ ಹಾಕಿದ ಎರೆಮಣ್ಣೇ ನೀರು ನಿಂತ ಮೇಲೆ ಭತ್ತಕ್ಕೆ ಕಬ್ಬಿಣ ಕೊಡುವ ಗುಟ್ಟು ಇದು.

ಕೊಡುವುದು ಹೆಚ್ಚಾದರೂ ತೊಂದರೆಯೇ. ಕರಗಿದ ಫೆರಸ್ ಮಿತಿಮೀರಿದರೆ ವಿಷ. ಭತ್ತದ ಬೇರು ಅದಕ್ಕೂ ಉಪಾಯ ಮಾಡಿಕೊಂಡಿದೆ. ಎಲೆಯಿಂದ ಬೇರಿನ ತನಕ ಗಾಳಿ ಹರಿಯುವ ಕೊಳವೆಗಳಿದ್ದು, ಬೇರಿನಿಂದ ಆಮ್ಲಜನಕ ಸ್ವಲ್ಪ ಸ್ವಲ್ಪವೇ ಹೊರಗೆ ಸೋರುತ್ತದೆ. ಅಲ್ಲಿಗೆ ಬಂದ ಫೆರಸ್ ಮತ್ತೆ ಫೆರಿಕ್ ಆಗಿ ಬೇರಿನ ಸುತ್ತ ತುಕ್ಕಿನ ಕವಚ ಕಟ್ಟುತ್ತದೆ. ಸಸಿ ಕಿತ್ತು ಕೆಸರು ತೊಳೆದರೆ ಬೇರಿನ ಮೇಲೆ ಕಾಣುವ ಕಾವಿ ಬಣ್ಣ ಅದೇ.

ಇನ್ನು ಸತುವಿನ ಮಾತು. ಗದ್ದೆಗೆ ನೀರು ನಿಲ್ಲಿಸಿದಾಗ ಕಬ್ಬಿಣದ ಬೀಗ ತೆರೆದರೆ ಸತುವಿಗೆ ಬೀಗ ಬೀಳುತ್ತದೆ. ನೀರಿನಡಿಯ ಮಣ್ಣಿನಲ್ಲಿ ಹುಟ್ಟುವ ಸಲ್ಫೈಡ್ ಸತುವನ್ನು ಹಿಡಿದು ಕರಗದಂತೆ ಮಾಡುತ್ತದೆ, ಸುಣ್ಣದ ಕಣಗಳೂ ಹೊಸದಾಗಿ ಕೂತ ಕಬ್ಬಿಣದ ಆಕ್ಸೈಡೂ ತಮ್ಮ ಮೈಗೆ ಅಂಟಿಸಿಕೊಳ್ಳುತ್ತವೆ, ಬೈಕಾರ್ಬನೇಟ್ ಬೇರಿನ ಬೆಳವಣಿಗೆಯನ್ನೇ ತಡೆಯುತ್ತದೆ. ನಾಟಿಯಾದ ಎರಡು ಮೂರು ವಾರಕ್ಕೆ ಸಸಿ ಗಿಡ್ಡಗಾಗಿ, ಕೆಳಗಿನ ಎಲೆಗಳ ಮೇಲೆ ತುಕ್ಕಿನಂಥ ಕಂದು ಚುಕ್ಕೆಗಳು ಏಳುತ್ತವೆ. ಉತ್ತರ ಭಾರತದ ತರಾಯಿ ಪ್ರದೇಶದಲ್ಲಿ ಖೈರಾ ಎಂದು ಕರೆಯುತ್ತಿದ್ದ ಈ ಕಾಯಿಲೆಯ ಬೆನ್ನುಹತ್ತಿದವರು ಪಂತನಗರದ ಸಸ್ಯರೋಗ ವಿಜ್ಞಾನಿ ವೈ. ಎಲ್. ನೆನೆ. ಇದು ಶಿಲೀಂಧ್ರವೂ ಅಲ್ಲ, ವೈರಸ್ಸೂ ಅಲ್ಲ, ಸತುವಿನ ಹಸಿವು ಎಂದು ಅವರು 1966ರಲ್ಲಿ ವರದಿ ಮಾಡಿದರು. ಗದ್ದೆಯ ಭತ್ತಕ್ಕೆ ಸತುವಿನ ಕೊರತೆ ಇರಬಲ್ಲದು ಎಂದು ಜಗತ್ತಿಗೆ ಗೊತ್ತಾದದ್ದು ಹೀಗೆ, ನಮ್ಮ ದೇಶದಿಂದ.

ಸತುವಿನ ಪ್ರಮಾಣ ಎಷ್ಟು ಚಿಕ್ಕದು ಎಂದು ತಿಳಿಯಲು ಬಳ್ಳಾರಿಯ ಪಾರ್ವತಿನಗರದಲ್ಲೋ ಕುರುಗೋಡಿನಲ್ಲೋ ದನದ ಕೊಟ್ಟಿಗೆಯ, ಗೋದಾಮಿನ ಮೇಲೆ ಹೊದಿಸುವ ಜಿಂಕ್ ಶೀಟನ್ನು ನೋಡಬೇಕು. ಒಳಗಿರುವುದು ಉಕ್ಕಿನ ತಗಡು. ಮೇಲೆ ತೆಳು ಸತುವಿನ ಲೇಪ. ಉಕ್ಕಿಗಿಂತ ಬೇಗ ಎಲೆಕ್ಟ್ರಾನ್ ಬಿಟ್ಟುಕೊಡುವ ಸ್ವಭಾವ ಸತುವಿನದು. ಆದ್ದರಿಂದ ಗೀರು ಬಿದ್ದ ಜಾಗದಲ್ಲೂ ಮೊದಲು ತಾನೇ ಸವೆದು ಕಬ್ಬಿಣವನ್ನು ತುಕ್ಕಿನಿಂದ ಉಳಿಸುತ್ತದೆ. ಇಂಥ ಶೀಟಿನ ಒಂದು ಚದರ ಮೀಟರಿನಲ್ಲಿ ಸಾಮಾನ್ಯವಾಗಿ 120ರಿಂದ 275 ಗ್ರಾಂ ಸತುವಿರುತ್ತದೆ. ಭತ್ತಕ್ಕೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಹಾಕಿದರೆ ಗದ್ದೆಯ ಒಂದು ಚದರ ಮೀಟರಿಗೆ ಬೀಳುವ ಸತುವು ಅರ್ಧ ಗ್ರಾಂ. ಅದರಲ್ಲೂ ಇಡೀ ಎಕರೆಯ ಬೆಳೆ ಮಣ್ಣಿನಿಂದ ಎತ್ತಿಕೊಳ್ಳುವುದು ಸುಮಾರು 100 ಗ್ರಾಂ ಅಷ್ಟೆ! ಉಳಿದದ್ದು ಮಣ್ಣಿನಲ್ಲೇ ಕೂತು ಮುಂದಿನ ಒಂದೆರಡು ಬೆಳೆಗೆ ಒದಗುತ್ತದೆ. ಹಾಗಾಗಿ ಪ್ರತಿ ಬೆಳೆಗೂ ಕಣ್ಣುಮುಚ್ಚಿ ಹಾಕಬೇಕಿಲ್ಲ. ರಂಜಕವಿರುವ ಡಿಎಪಿ ಗೊಬ್ಬರದ ಜೊತೆ ಕಲಸಿ ಎರಚುವುದಂತೂ ಹಣ ಕಳೆಯುವ ದಾರಿ. ರಂಜಕ ಮತ್ತು ಸತುವು ಒಂದನ್ನೊಂದು ಹಿಡಿದುಕೊಂಡು ಎರಡೂ ಗಿಡಕ್ಕೆ ದಕ್ಕದೆ ಹೋಗುತ್ತವೆ. ವರ್ಷಗಟ್ಟಲೆ ಡಿಎಪಿ ಸುರಿದ ಗದ್ದೆಯಲ್ಲಿ ಸತುವಿನ ಹಸಿವು ಹೆಚ್ಚುವುದಕ್ಕೂ ರಂಜಕದ ಈ ಗುಣವೇ ಕಾರಣ.

ತುಂಗಭದ್ರಾ ಅಣೆಕಟ್ಟಿನ ನೀರು 1953ರಲ್ಲಿ ಹರಿಯತೊಡಗಿದ ಮೇಲೆ ಜೋಳ, ಹತ್ತಿ ಬೆಳೆಯುತ್ತಿದ್ದ ಎಷ್ಟೋ ಎರೆಹೊಲಗಳು ಗದ್ದೆಗಳಾದವು. ನೀರಿನ ಜೊತೆಗೆ ಸವಳು ಜವಳೂ ಬಂತು. ಜಲಾಶಯದಲ್ಲಿ ಹೂಳು ತುಂಬಿ, ಶುರುವಿನಲ್ಲಿ ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ ಈಗ 106 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋದಾಗ, ಏಳು ದಶಕ ನೀರಿನಲ್ಲಿ ನಿಂತ ಕಬ್ಬಿಣದ ಮೇಲೆ ಎಷ್ಟು ಜಿಲ್ಲೆಗಳ ಅನ್ನ ನಿಂತಿದೆ ಎಂದು ಎಲ್ಲರಿಗೂ ಒಮ್ಮೆಲೇ ಅರಿವಾಯಿತು. ಗೇಟಿನ ಕಬ್ಬಿಣಕ್ಕೂ ಗದ್ದೆಯ ಕಬ್ಬಿಣಕ್ಕೂ ನಿಯಮ ಒಂದೇ. ನೀರು ಮತ್ತು ಗಾಳಿ ಎರಡೂ ತಾಗುವ ಕಡೆ ಅದು ಎಲೆಕ್ಟ್ರಾನ್ ಕಳೆದುಕೊಂಡು ಮತ್ತೆ ಅದಿರಿನ ರೂಪಕ್ಕೆ ಮರಳಲು ಹೊರಡುತ್ತದೆ.

ನೀರು ಕಡಿಮೆಯಾದಂತೆ ಕಾಲುವೆಯ ಕೊನೆ ಭಾಗದ ರೈತರು ನಾಟಿ ಬಿಟ್ಟು ಕೂರಿಗೆಯಲ್ಲಿ ಭತ್ತ ಬಿತ್ತುವುದನ್ನು ಕಲಿತರು. ಕೆಸರು ಹೊಡೆಯುವ ಖರ್ಚಿಲ್ಲ, ಆಳಿನ ಖರ್ಚು ಕಡಿಮೆ, ನೀರೂ ಉಳಿತಾಯ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನೀರು ನಿಲ್ಲದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಸಿಗುತ್ತದೆ, ಅವು ಕಬ್ಬಿಣದ ತಂಟೆಗೆ ಹೋಗುವುದಿಲ್ಲ. ಎಳೆ ಭತ್ತ ಶೇಂಗಾದಂತೆಯೇ ಹಳದಿಯಾಗುತ್ತದೆ. ಅದನ್ನು ಸಾರಜನಕದ ಕೊರತೆ ಎಂದು ತಿಳಿದು ಯೂರಿಯಾ ಹಾಕಿದರೆ ಗೊಬ್ಬರವೂ ಹೋಯಿತು, ದಿನವೂ ಹೋಯಿತು. ಗುರುತಿಸುವುದು ಸುಲಭ: ಸಾರಜನಕ ಕಡಿಮೆಯಾದರೆ ಹಳೆಯ, ಕೆಳಗಿನ ಎಲೆ ಮೊದಲು ಹಳದಿ. ಕಬ್ಬಿಣ ಸಿಗದಿದ್ದರೆ ಹೊಸ, ಮೇಲಿನ ಎಲೆ ಮೊದಲು. ಒಮ್ಮೆ ಎಲೆಯಲ್ಲಿ ಕೂತ ಕಬ್ಬಿಣವನ್ನು ಗಿಡ ಕಿತ್ತು ಬೇರೆಡೆಗೆ ಸಾಗಿಸಲಾರದು, ಅದಕ್ಕೇ ಈ ವ್ಯತ್ಯಾಸ. ನೀರು ನಿಲ್ಲಿಸಿದಾಗ ಸತುವಿಗೆ ಹಸಿದ ಗದ್ದೆ ನೀರು ತೆಗೆದಾಗ ಕಬ್ಬಿಣಕ್ಕೆ ಹಸಿಯುತ್ತದೆ. ನೀರಾವರಿ ಪದ್ಧತಿ ಬದಲಿಸಿದ ದಿನವೇ ಗೊಬ್ಬರದ ಶಿಫಾರಸನ್ನೂ ಬದಲಿಸಬೇಕು.

ಗದ್ದೆಯ ಈ ಹಸಿವು ತಟ್ಟೆಯ ತನಕ ಬರುತ್ತದೆ. ಮನುಷ್ಯನಿಗೆ ಸತುವಿನ ಕೊರತೆ ಆಗಬಲ್ಲದು ಎಂದು ಮೊದಲು ಹೇಳಿದವರು ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ವೈದ್ಯ ಆನಂದ ಪ್ರಸಾದ್. 1958ರಲ್ಲಿ ಇರಾನಿನ ಶಿರಾಜ್‌ಗೆ ಹೋದ ಅವರ ಮುಂದೆ 21 ವರ್ಷದ ಯುವಕನೊಬ್ಬ ಬಂದ. ನೋಡಲು ಹತ್ತು ವರ್ಷದ ಹುಡುಗನಂತಿದ್ದ. ಅವನ ಊಟ ಬಹುಪಾಲು ಹುಳಿ ಬರಿಸದ ಗೋಧಿ ರೊಟ್ಟಿ. ಅದರಲ್ಲಿರುವ ಫೈಟೇಟ್ ಎಂಬ ವಸ್ತು ಸತುವನ್ನು ಕಟ್ಟಿಹಾಕಿ ದೇಹಕ್ಕೆ ಸಿಗದಂತೆ ಮಾಡುತ್ತಿತ್ತು. ಹೊಟ್ಟೆಯೊಳಗೂ ಮತ್ತದೇ ಬೀಗ! ಮುಂದೆ ಈಜಿಪ್ಟಿನಲ್ಲಿ ಇಂಥ ಹುಡುಗರಿಗೆ ಸತುವು ಕೊಟ್ಟಾಗ ಅವರು ಬೆಳೆದರು.

ಪಾಲಿಶ್ ಮಾಡಿದ ಅಕ್ಕಿಯ ಜನಪ್ರಿಯ ತಳಿಗಳಲ್ಲಿ ಕಿಲೋಗೆ 12ರಿಂದ 16 ಮಿಲಿಗ್ರಾಂ ಸತುವಿದ್ದರೆ, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ 2016ರಲ್ಲಿ ಬಿಡುಗಡೆ ಮಾಡಿದ ಡಿಆರ್‌ಆರ್ ಧಾನ್ 45 ತಳಿಯಲ್ಲಿ 22.6 ಮಿಲಿಗ್ರಾಂ ಇದೆ. ಕರ್ನಾಟಕಕ್ಕೂ ಶಿಫಾರಸಾದ ತಳಿ ಇದು. ದಿನಕ್ಕೆ 200 ಗ್ರಾಂ ಅಕ್ಕಿ ಉಣ್ಣುವವರಿಗೆ 3 ಮಿಲಿಗ್ರಾಂ ಸಿಗುವ ಕಡೆ ನಾಲ್ಕೂವರೆ ಸಿಗುತ್ತದೆ. ಸೋನಾ ಮಸೂರಿಯ ರುಚಿಗೆ ಒಗ್ಗಿದ ಸೀಮೆಯಲ್ಲಿ ಹೊಸ ತಳಿ ಮಾರುವುದು ಕಷ್ಟ. ಹೆಚ್ಚು ಸತುವಿನ ಭತ್ತಕ್ಕೆ ಮಾರುಕಟ್ಟೆಯಲ್ಲಿ ಒಂದು ರೂಪಾಯಿಯೂ ಹೆಚ್ಚು ಸಿಗದಿದ್ದರೆ ರೈತ ಅದನ್ನು ಯಾಕೆ ಬಿತ್ತಬೇಕು? ಬಿಸಿಯೂಟಕ್ಕೆ, ಅಂಗನವಾಡಿಗೆ ಸರ್ಕಾರವೇ ಅಂಥ ಭತ್ತವನ್ನು ಬೇರೆಯಾಗಿ ಕೊಂಡರೆ ಮಕ್ಕಳಿಗೂ ರೈತರಿಗೂ ಒಳ್ಳೆಯದಾದೀತು ಎಂಬುದು ನನ್ನ ಬಲವಾದ ಅಭಿಪ್ರಾಯ.

ಬೀಗ ಸಡಿಲಿಸುವಾಗ ಎಚ್ಚರವೂ ಬೇಕು. ಕಬ್ಬಿಣ ಒಳಬಿಡುವ ಬಾಗಿಲಿನ ಜೀನನ್ನು 1996ರಲ್ಲಿ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಪತ್ತೆಹಚ್ಚಿದ ಮೇಲೆ ಗೊತ್ತಾದದ್ದೇನೆಂದರೆ, ಆ ಬಾಗಿಲು ಸತುವನ್ನೂ ಮ್ಯಾಂಗನೀಸನ್ನೂ ಬಿಡುತ್ತದೆ, ಕ್ಯಾಡ್ಮಿಯಂ ಎಂಬ ವಿಷವನ್ನೂ ಬಿಡುತ್ತದೆ. ಜಪಾನಿನ ಜಿಂಜು ನದಿಯ ಗದ್ದೆಗಳಿಗೆ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಭತ್ತದ ಮೂಲಕ ಜನರ ದೇಹ ಸೇರಿ ಇಟಾಯ್ ಇಟಾಯ್ ಎಂಬ ಭಯಂಕರ ನೋವಿನ ಕಾಯಿಲೆ ತಂದದ್ದನ್ನು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಗದ್ದೆ ಒಣಗಿದಾಗ ಕ್ಯಾಡ್ಮಿಯಂ ಕರಗುತ್ತದೆ, ನೀರು ನಿಂತಾಗ ಆರ್ಸೆನಿಕ್ ಕರಗುತ್ತದೆ. ಗಣಿಯಿರುವ ಯಾವ ಜಿಲ್ಲೆಯಲ್ಲೂ ಹಳ್ಳ, ಕಾಲುವೆ, ಕಾಳು ಮೂರನ್ನೂ ಆಗಾಗ ಪರೀಕ್ಷಿಸುತ್ತಿರಬೇಕಾದದ್ದು ಇದಕ್ಕಾಗಿ.

ಮಣ್ಣು ಪರೀಕ್ಷೆಗೂ ಒಂದು ಮಿತಿಯಿದೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಸತುವು, ಕಬ್ಬಿಣ, ಮ್ಯಾಂಗನೀಸ್, ತಾಮ್ರಗಳ ಅಂಕಿಗಳಿರುತ್ತವೆ. ಅವು ಲಿಂಡ್ಸೆ ಮತ್ತು ನಾರ್ವೆಲ್ 1978ರಲ್ಲಿ ಪ್ರಕಟಿಸಿದ ಡಿಟಿಪಿಎ ವಿಧಾನದವು. ಸುಣ್ಣದ ಮಣ್ಣಿಗೆಂದೇ ರೂಪಿಸಿದ ಒಳ್ಳೆಯ ವಿಧಾನ. ಆದರೆ ಪ್ರಯೋಗಾಲಯ ಮೊದಲು ಮಣ್ಣನ್ನು ನೆರಳಲ್ಲಿ ಒಣಗಿಸುತ್ತದೆ. ಒಣಗುವಾಗ ಫೆರಸ್ ಎಲ್ಲ ಫೆರಿಕ್ ಆಗಿರುತ್ತದೆ. ಆದ್ದರಿಂದ ಚೀಟಿಯಲ್ಲಿನ ಕಬ್ಬಿಣದ ಅಂಕಿ ಶೇಂಗಾಕ್ಕೆ, ಕೂರಿಗೆ ಭತ್ತಕ್ಕೆ ದಾರಿ ತೋರಿಸುತ್ತದೆ. ನೀರು ನಿಂತ ಗದ್ದೆಯ ಭತ್ತಕ್ಕೆ ಅದನ್ನು ಹಾಗೇ ಅನ್ವಯಿಸಬಾರದು. ಮಾದರಿ ಕೊಡುವಾಗ ಯಾವ ಬೆಳೆ, ನೀರು ನಿಲ್ಲಿಸುತ್ತೀರೋ ಇಲ್ಲವೋ ಎಂದು ಬರೆದುಕೊಡುವುದು ಒಳ್ಳೆಯದು.

ಮಾದರಿ ತೆಗೆಯುವ ಬಗೆಯಲ್ಲೂ ಲೋಹದ ತಂಟೆ ಇದೆ. ಸತುವಿನ ಅಂಕಿ 0.6 ಪಿಪಿಎಂಗಿಂತ ಕಡಿಮೆಯಿದ್ದರೆ ಕೊರತೆ ಎಂದು ಲೆಕ್ಕ. ಅಂದರೆ ಅರ್ಧ ಕಿಲೋ ಮಾದರಿಯಲ್ಲಿ ಸಿಗುವ ಸತುವು ಒಂದು ಮಿಲಿಗ್ರಾಮಿನ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಸತುವಿನ ಲೇಪದ ಬಕೆಟಿನಲ್ಲಿ ಮಣ್ಣು ಕಲಸಿದರೆ ಬಕೆಟಿನಿಂದ ಉಜ್ಜಿ ಬರುವ ಪುಡಿಯೇ ಅದಕ್ಕಿಂತ ಹೆಚ್ಚಾಗಿ, ಹಸಿದ ಗದ್ದೆಗೆ ಸತುವು ಸಾಕಷ್ಟಿದೆ ಎಂಬ ಚೀಟಿ ಬಂದೀತು. ತುಕ್ಕು ಹಿಡಿದ ಸಲಿಕೆಯೂ ಬೇಡ. ಗುಂಡಿ ತೆಗೆದ ಮೇಲೆ ಬದಿಯ ಮಣ್ಣನ್ನು ಬಿದಿರಿನ ಸೀಳಿನಿಂದಲೋ ಸ್ಟೀಲ್ ಕುರ್ಪಿಯಿಂದಲೋ ಕೆರೆದು, ಪ್ಲಾಸ್ಟಿಕ್ ಬಕೆಟಿನಲ್ಲಿ ಬೆರೆಸಿ, ಬಟ್ಟೆಯ ಚೀಲಕ್ಕೆ ತುಂಬಿ ಕಳಿಸಬೇಕು.